ಮೂವರ ಮೈಮೇಲೆ ಒಂದೇ ಪಟ್ಟೆ

ಹೋದ ತಿಂಗಳು ಇಲಾಖೆಯ ಕೆಲಸವೊಂದಕ್ಕೆ ಕೊರಟಗೆರೆಗೆ ಹೋಗಿದ್ದೆ. ಶಾಲೆಯ ವರಾಂಡದಲ್ಲಿ ಎಳೆಯ ಮೇಷ್ಟ್ರುಗಳ ನಡುವೆ ಕುಳಿತು, ಹಿರಿಯನೆಂಬ ಗತ್ತಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಉಪಾಧ್ಯಾಯಿನಿಯೊಬ್ಬರು ಎದುರಿಗೆ ಬಂದು ನಿಂತರು.

"ಗುರುತು ಸಿಕ್ತಾ ಸಾರ್?"

ಸಿಗಲಿಲ್ಲ. ಸಿಕ್ಕಿದವನಂತೆ ತಲೆಯಾಡಿಸಿದೆ.

"ಸಿಕ್ಕಿಲ್ಲ ಬಿಡಿ. ನಾನು ಗಿರಿಜ. ಮಧುಗಿರೀಲಿ ನಿಮ್ಮ ಪೈಜಾಮ ಹಾಕ್ಕೊಂಡು ಪರೀಕ್ಷೆ ಬರೆಯಕ್ಕೆ ಹೋಗಿದ್ನಲ್ಲ!"

ಮೇಷ್ಟ್ರುಗಳ ಕಾಫಿ ಲೋಟಗಳು ಬಾಯಿಯ ಹತ್ತಿರವೇ ನಿಂತುಬಿಟ್ಟವು. ನನ್ನ ಗತ್ತು ಅಲ್ಲಿಗೆ ಮುಗಿಯಿತು. ಗಿರಿಜ ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳು ದನಿ ತಗ್ಗಿಸಿ, "ಅವ್ವ ಹೋಗ್ಬಿಟ್ರು ಸಾರ್, ಸಂಕ್ರಾಂತಿ ಕಳೆದ ಮೇಲೆ" ಎಂದಳು.

ಅವ್ವ ಎಂದರೆ ಗಿರಿಜಳ ಅಜ್ಜಿ, ಮಧುಗಿರಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ. ಅವರ ಗಂಡ ಬದುಕಿದ್ದಾಗ ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರಂತೆ. ಮಂಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಊರಿಗೆಲ್ಲ ಅವರು ಮಂಡಿಯವ್ವನೇ. ಒಮ್ಮೆ ಹೆಸರು ಕೇಳಿದ್ದೆ. "ನನ್ನ ಹೆಸರು ತಕ್ಕಂಡು ಏನ್ ಮಾಡ್ತೀರಿ? ಕೂಗಿದ್ರೆ ಬತ್ತೀನಲ್ಲ, ಸಾಲ್ದಾ?" ಎಂದಿದ್ದರು. ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಆಗ ಮಹಾರಾಜರ ಸರ್ಕಾರ, ಮೇಲೆ ಯುದ್ಧಕಾಲ. ನಾನು ಬಿ.ಎ. ಮುಗಿಸಿ ಮಧುಗಿರಿಯ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ತುಮಕೂರಿನಿಂದ ಹೊರಟಾಗ ಪೌಡರು ಹಚ್ಚಿದ್ದ ನನ್ನ ಮುಖ ಮಧುಗಿರಿಯಲ್ಲಿ ಇಳಿಯುವಷ್ಟರಲ್ಲಿ ಕುಲುಮೆಯಿಂದ ಎದ್ದುಬಂದವನ ಮುಖದಂತಾಗಿತ್ತು. ಆದರೇನು, ಟ್ರಂಕಿನೊಳಗೆ ನನ್ನ ನಾಗರಿಕತೆ ಭದ್ರವಾಗಿತ್ತು: ಎರಡು ನೈಟ್ ಸೂಟು, ಗುಲಾಬಿ ಹೂವಿನ ಒಂದು ಬೆಡ್‌ಶೀಟು. ಕಾಲೇಜಿನ ಹಾಸ್ಟೆಲಿನಲ್ಲಿ ಶ್ರೀಮಂತರ ಮಗನೊಬ್ಬ ರಾತ್ರಿಗೆಂದೇ ಪಟ್ಟೆಪಟ್ಟೆಯ ಅಂಗಿ, ಪೈಜಾಮ ತೊಡುತ್ತಿದ್ದ. ಅದನ್ನು ನೋಡಿ, ಹೊಟ್ಟೆ ಕಟ್ಟಿ ಹೊಲಿಸಿಕೊಂಡದ್ದು. ಬಿಳಿಯ ಮೇಲೆ ನೀಲಿ ಉದ್ದಪಟ್ಟೆ, ಕಾಲರು, ಎದೆಗೊಂದು ಜೇಬು. ಮಲಗಿರುವವನಿಗೆ ಜೇಬು ಯಾಕೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅದು ಅವ್ವನಿಗೆ ಮೊದಲ ದಿನವೇ ಹೊಳೆಯಿತು. "ಮಲಗಕ್ಕೂ ಒಂದು ಬಟ್ಟೆಯಾ? ಕಣ್ಣು ಮುಚ್ಕಂಡ್ಮ್ಯಾಕೆ ಯಾರು ನೋಡ್ತಾರೆ ಮೇಷ್ಟ್ರೇ?"

ನಾನು ಆರೋಗ್ಯ, ಶುಚಿತ್ವ, ಪಾಶ್ಚಾತ್ಯ ದೇಶಗಳು ಎಂದೆಲ್ಲ ಉಪನ್ಯಾಸ ಮಾಡಿದೆ. ಅವರು ಕೊನೆಯವರೆಗೂ ಕೇಳಿ, "ಜೇಬ್ನಾಗೆ ಏನಿಕ್ಕಂತೀರಿ, ಕನಸಾ?" ಎಂದು ಕೊಟ್ಟಿಗೆಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಅದೇ ವೇಷದಲ್ಲಿ ಜಗಲಿಯ ಮೇಲೆ ನಿಂತು ಹಲ್ಲುಜ್ಜುತ್ತಿದ್ದೆ. ಊರು ನನ್ನನ್ನು ನೋಡಲಿ ಎಂಬ ಆಸೆಯೂ ಇತ್ತೆನ್ನಿ. ಕೊಡಿಗೇನಹಳ್ಳಿ ಕಡೆಯಿಂದ ಬಂದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಯಾಕವ್ವ, ಜೈಲಿನೋರ್ನ ಮನೇಲಿ ಇಟ್ಕಂಡಿದೀಯಾ?" ಎಂದು ಕೇಳಿದ. ಅವ್ವ ಸಗಣಿ ಬುಟ್ಟಿ ಹಿಡಿದು ಒಂದು ಗಳಿಗೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಂಗೂ ಅದೇ ಅನುಮಾನ ಕಣಪ್ಪ. ಆಸಾಮಿ ಮಾತ್ರ ಬಿ.ಎ. ಅಂತದೆ" ಎಂದರು. ಅಂದಿನಿಂದ ನಾನು ಹಿತ್ತಲಲ್ಲಿ ಹಲ್ಲುಜ್ಜತೊಡಗಿದೆ.

ಅವ್ವನದು ನೀಳ ಮೈಕಟ್ಟು. ಹಣೆಗೆ ಅಡ್ಡವಾಗಿ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಗಂಡ ತೀರಿಕೊಂಡಂದಿನಿಂದ ಅವರು ರವಿಕೆ ತೊಟ್ಟವರಲ್ಲ. ಬಿಳಿ ಸೀರೆಯ ಸೆರಗನ್ನು ಎರಡೂ ಭುಜ ಮುಚ್ಚುವಂತೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಮಾತಾಡುವಾಗ ಒಂದು ಕೈ ಯಾವಾಗಲೂ ಆ ಸೆರಗಿನ ಕಾವಲಿಗೆ ಇರುತ್ತಿತ್ತು. ಎಮ್ಮೆಯನ್ನು "ಬಾರಮ್ಮ, ಕುಡಿಯಮ್ಮ" ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಮನೆಯ ಬಾಗಿಲಿಗೆ ಬಂದ ಯಾವ ಅಧಿಕಾರಿಯನ್ನೂ "ಏನ್ಲಾ" ಎನ್ನಲು ಹಿಂಜರಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಎಮ್ಮೆ ಹಾಲು ಕೊಡ್ತದಪ್ಪ" ಎನ್ನುತ್ತಿದ್ದರು.

ಅವರಿಗೆ ಬಾರದ ಕೆಲಸಗಳು ಹಲವಿದ್ದವು, ಆದರೆ ಬಾರದು ಎಂಬ ಕಾರಣಕ್ಕೆ ಅವರು ಬಿಟ್ಟ ಕೆಲಸ ಒಂದೂ ಇರಲಿಲ್ಲ. ನನ್ನ ಟೈಂಪೀಸು ನಿಂತುಹೋದಾಗ ಈಳಿಗೆಮಣೆಯ ಪಕ್ಕದಲ್ಲೇ ಕೂತು ಅದರ ಬೆನ್ನು ಬಿಚ್ಚಿದರು. ನಾನು ಬೇಡವೆಂದು ಅಂಗಲಾಚಿದೆ. "ಸುಮ್ಕಿರಿ ಮೇಷ್ಟ್ರೇ, ಇದ್ನೂ ಮನುಷ್ಯನೇ ತಾನೆ ಮಾಡಿರಾದು?" ಎಂದರು. ಗಡಿಯಾರ ಓಡಿತು. ಆದರೆ ಮುಖ ಕೆಳಗಾಗಿ ಮಲಗಿಸಿದರೆ ಮಾತ್ರ ಓಡುತ್ತಿತ್ತು. ಎತ್ತಿ ನೋಡಿದರೆ ನಿಲ್ಲುತ್ತಿತ್ತು. ಇನ್ನೊಮ್ಮೆ ಸೂರಿನ ಹೆಂಚು ತಾವೇ ಕೈಯಾಡಿಸಿದರು. ಮೊದಲು ಮೂಲೆಯಲ್ಲಿ ಸೋರುತ್ತಿದ್ದ ಮಳೆ ಆಮೇಲೆ ಸರಿಯಾಗಿ ನನ್ನ ತಲೆದಿಂಬಿನ ಮೇಲೆ ಸೋರಿತು. ಅವರು ಮೇಲೆ ನೋಡಿ, ಕೆಳಗೆ ನೋಡಿ, "ಮಂಚ ಸ್ವಲ್ಪ ಆ ಕಡೀಕೆ ಜರುಗ್ಸಿ" ಎಂದರು. ನಾನು ಜರುಗಿಸಿದೆ. ಯಾವ ವಿಷಯದಲ್ಲೂ ಅವರೆದುರು ನಾನು ಗೆದ್ದ ನೆನಪಿಲ್ಲ.

ತಾಯಿಯಿಲ್ಲದ ಮೊಮ್ಮಗಳು ಗಿರಿಜ ಅವರ ಜೊತೆಗಿದ್ದಳು. ಅವಳಿಗೆ ಆ ವರ್ಷ ಲೋಯರ್ ಸೆಕೆಂಡರಿ ಪರೀಕ್ಷೆ. ಪರೀಕ್ಷೆಗೆ ಕೆಲವು ವಾರಗಳಿವೆ ಎನ್ನುವಾಗ ಪಾವಗಡದಿಂದ ಅವಳ ಅಪ್ಪ ಬಂದ. ಕಡ್ಲೆಕಾಯಿ ವ್ಯಾಪಾರದವನು, ಒಳ್ಳೆಯವನೇ. ಮಾತು ಅರ್ಧ ತೆಲುಗು.

"ಅತ್ತಮ್ಮಾ, ಹುಡುಗೀಗೆ ಒಂದು ಸಂಬಂಧ ಬಂದೈತೆ. ಮಂಚಿವಾಳ್ಳು, ಒಳ್ಳೆ ಜನ. ಇನ್ನೆಷ್ಟು ದಿನ ಓದಿಸ್ತೀರಿ?"

"ಪರೀಕ್ಷೆ ಆಗ್ಲಿ."

"ಪಾಸಾದ್ರೆ ಓದ್ಲಿ, ನಾನು ಅಡ್ಡ ಬರಲ್ಲ. ಲೇದಂಟೆ ಯುಗಾದಿ ಆದ್ಮೇಲೆ ಕರ್ಕೊಂಡೋಗ್ತೀನಿ. ಮಾಟ ಅಂಟೆ ಮಾಟ."

"ಊಂ, ಮಾತು ಅಂದ್ರೆ ಮಾತು" ಎಂದು ಅವ್ವ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಅವನು ಹೋದಮೇಲೆ ಗಿರಿಜ ಬಾವಿಯ ಕಟ್ಟೆಯ ಮೇಲೆ ಕುಳಿತು, ಕತ್ತಲಾಗುವವರೆಗೂ ಪುಸ್ತಕ ಮುಚ್ಚಲಿಲ್ಲ.

ಆ ವರ್ಷ ಎಲ್ಲಕ್ಕಿಂತ ದೊಡ್ಡ ಬರ ಬಟ್ಟೆಯದು. ಗಿರಣಿಯ ಬಟ್ಟೆಯೆಲ್ಲ ಸಿಪಾಯಿಗಳಿಗೆ ಹೋಗುತ್ತಿತ್ತು. ಬಟ್ಟೆ ಡಿಪೋದಲ್ಲಿ ದಿನವಿಡೀ ನಿಂತವರಿಗೆ ಬರಿಗೈ. ಸಿಕ್ಕರೂ ಹೊಲಿಯುವವರಿರಲಿಲ್ಲ, ಪೇಟೆಯ ಟೈಲರ್ ಸಾಬರು ಮಿಲಿಟರಿ ಬಟ್ಟೆ ಹೊಲಿಯಲು ಮಿಷನ್ನು ಸಮೇತ ಬೆಂಗಳೂರಿಗೆ ಹೋಗಿದ್ದರು. ಗಿರಿಜಳಿಗೆ ನೆಟ್ಟಗಿದ್ದ ಲಂಗ ಒಂದೇ. ಪರೀಕ್ಷೆಯ ಹಿಂದಿನ ಶನಿವಾರ ಅದನ್ನು ಒಗೆದು ಬೇಲಿಯ ಮೇಲೆ ಹರವಿದ್ದಳು. ಎಮ್ಮೆಯ ಕರು ಹಗ್ಗ ಕಿತ್ತುಕೊಂಡು ಬಂದು ಅದನ್ನು ಮೆದ್ದಿತು. ನಾವು ಓಡಿಹೋಗಿ ಎಳೆದಾಗ ಸೊಂಟದ ಪಟ್ಟಿ ನಮ್ಮ ಕೈಯಲ್ಲೂ ಉಳಿದದ್ದು ಕರುವಿನ ಬಾಯಲ್ಲೂ ಇತ್ತು.

ಗಿರಿಜ ಅಳಲಿಲ್ಲ. ಒಳಗೆ ಹೋಗಿ ಪುಸ್ತಕಗಳನ್ನು ಗೂಡಿನಲ್ಲಿ ಜೋಡಿಸಿಟ್ಟು, "ನಾನು ಪರೀಕ್ಷೆಗೆ ಹೋಗಲ್ಲ ಕಣವ್ವ. ಅಪ್ಪಂಗೆ ಬರಕ್ಕೆ ಹೇಳು" ಎಂದಳು. ಉಳಿದಿದ್ದ ಹಳೆಯ ಲಂಗ ಮೊಣಕಾಲಿಗೆ ಬರುತ್ತಿತ್ತು, ಅದರ ತುಂಬ ತೇಪೆ. ಅದನ್ನುಟ್ಟು ಹೋಗಿದ್ದ ದಿನ ಹುಡುಗಿಯರು ನಕ್ಕಿದ್ದರಂತೆ. ನೆರೆಮನೆಗಳಲ್ಲಿ ಕೇಳೋಣವೆಂದರೆ ಎಲ್ಲರದೂ ಅದೇ ಪಾಡು.

"ನಿಮ್ಮ ಸೀರೇನೇ ಒಂದು ಕತ್ತರಿಸಿ..." ಎಂದೆ ನಾನು.

ಅವ್ವ ತಟ್ಟನೆ ತಿರುಗಿದರು. "ನನ್ನ ಬಿಳಿ ಸೀರೆ ಆ ಮಗೀನ ಮೈಗೆ ಸೋಕ್ಸಲ್ಲ."

ಅಷ್ಟು ಗಡುಸಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಅವರ ಕಣ್ಣು ನಿಧಾನವಾಗಿ ನನ್ನ ಕೋಣೆಯ ಗೂಟದ ಕಡೆಗೆ ಹೊರಳಿತು. ಅಲ್ಲಿ ನನ್ನ ನೈಟ್ ಸೂಟು ತೂಗುತ್ತಿತ್ತು.

ಆ ಕ್ಷಣದಲ್ಲಿ ತ್ಯಾಗಮೂರ್ತಿಯಂತೆ ತೆಗೆದು ಕೊಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಹೇಳಿದ್ದು ಮಾತ್ರ, "ಅದು ಸ್ವಲ್ಪ ಹಳೇದಾಗಿದೆ ಅವ್ವ, ಮಣಿಕಟ್ಟಲ್ಲಿ ಪಿಸಿದಿದೆ" ಎಂದು.

"ಅದ್ಕೇ ಕೇಳ್ತಿರಾದು. ಹೊಸದಾಗಿದ್ರೆ ಕೇಳ್ತಿದ್ನಾ?"

ಎರಡೂ ಸೂಟುಗಳು ಹೋದವು. ಅವುಗಳ ಹಿಂದೆ ಗುಲಾಬಿ ಹೂವಿನ ಬೆಡ್‌ಶೀಟೂ ಹೋಯಿತು.

ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಕೂತೆವು. ಅವ್ವನಿಗೆ ಗೊತ್ತಿದ್ದ ಹೊಲಿಗೆಯೆಂದರೆ ಮಂಡಿಯ ಕಾಲದಲ್ಲಿ ಗೋಣಿಚೀಲದ ಬಾಯಿ ಹೊಲಿದದ್ದು. ನನಗೆ ಅದೂ ಗೊತ್ತಿರಲಿಲ್ಲ, ಆದರೆ ರೇಖಾಗಣಿತ ಗೊತ್ತಿತ್ತು. ಹಳೆಯ ವೃತ್ತಪತ್ರಿಕೆಯ ಮೇಲೆ ಕೈವಾರದಿಂದ ವೃತ್ತ ಎಳೆದು, ಸೊಂಟದ ಸುತ್ತಳತೆಯಿಂದ ತ್ರಿಜ್ಯ ಕಂಡುಹಿಡಿದು, ಲಂಗವೆಂಬುದು ಮೂಲತಃ ತಲೆ ಕತ್ತರಿಸಿದ ಒಂದು ಶಂಕು ಎಂದು ವಿವರಿಸಿದೆ. ಅವ್ವ ಬಹಳ ಗೌರವದಿಂದ ಕೇಳಿದರು. ಆ ಲೆಕ್ಕದ ಪ್ರಕಾರ ಕತ್ತರಿಸಿದ ಕಾಗದದ ನಮೂನೆ ಯಾವ ಗಾತ್ರದ ಹುಡುಗಿಗೂ ಆಗುವಂತಿರಲಿಲ್ಲ. ಸುತ್ತಳತೆಯನ್ನೇ ತ್ರಿಜ್ಯವೆಂದು ಹಿಡಿದುಬಿಟ್ಟಿದ್ದೆ.

"ಇದು ಗಿರಿಜಂಗೋ ಎಮ್ಮೆಗೋ?" ಎಂದರು ಅವ್ವ.

"ನೆರಿಗೆ ಹಿಡಿಯಬಹುದು" ಎಂದೆ.

ಹಿಡಿದೆವು. ಎರಡೂ ಪೈಜಾಮಗಳ ಕಾಲುಗಳನ್ನು ಬಿಚ್ಚಿ ಪಕ್ಕಪಕ್ಕ ಕೂಡಿಸಿ, ಸಾಲದ ಕಡೆ ಬೆಡ್‌ಶೀಟಿನ ತುಂಡು ಸೇರಿಸಿ, ಕೆಳಗೆ ಗುಲಾಬಿಯ ಅಂಚು ಕೊಟ್ಟೆವು. ರವಿಕೆ ಪೂರ್ತಿ ಬೆಡ್‌ಶೀಟಿನದು. ಅವ್ವ ಹಾಕಿದ ಒಂದೊಂದು ಹೊಲಿಗೆಯೂ ಬೆರಳಷ್ಟು ಉದ್ದ. ಮೂಟೆ ಹೊತ್ತು ಗಾಡಿಗೆ ಹಾಕಿದರೂ ಬಿಚ್ಚದಂಥದ್ದು. ನನ್ನವು ಕಣ್ಣಿಗೆ ಕಾಣದಷ್ಟು ಸಣ್ಣವು, ಅವು ಹೊಲಿಯುತ್ತಿದ್ದಂತೆಯೇ ಬಿಚ್ಚಿಕೊಳ್ಳುತ್ತಿದ್ದವು. ಒಮ್ಮೆ ನಾನು ಬಹಳ ಶ್ರದ್ಧೆಯಿಂದ ತೋಳನ್ನು ಹೊಲಿದು ಎದ್ದು ನಿಂತಾಗ ರವಿಕೆಯೂ ನನ್ನ ಜೊತೆ ಎದ್ದಿತು. ಅದನ್ನು ನನ್ನ ಪಂಚೆಗೇ ಸೇರಿಸಿ ಹೊಲಿದಿದ್ದೆ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಬುಡಿ ಮೇಷ್ಟ್ರೇ, ನೀವು ದಾರ ಪೋಣಿಸ್ಕೊಡಿ ಸಾಕು" ಎಂದು ನನ್ನನ್ನು ಆ ಹುದ್ದೆಗೆ ಇಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಉಡುಪು ಸಿದ್ಧವಾಯಿತು. ಗಿರಿಜ ಉಟ್ಟು ಬಂದಳು. ಲಂಗದ ಪಟ್ಟೆಗಳು ಒಂದು ಕಡೆ ನೆಟ್ಟಗೂ ಇನ್ನೊಂದು ಕಡೆ ಅಡ್ಡವಾಗಿಯೂ ಇದ್ದವು. ಗುಲಾಬಿಗಳು ಅರ್ಧ ತಲೆಕೆಳಗು. ಎಡದೋಳು ಮೊಣಕೈ ದಾಟಿತ್ತು, ಬಲದೋಳು ದಾಟಿರಲಿಲ್ಲ. ಬಹಳ ಹೊತ್ತು ಅವಳು ತನ್ನನ್ನೇ ನೋಡಿಕೊಂಡು, "ಇದು ನಾಟಕದ ಕಂಪನಿಯ ಹಾಸ್ಯಗಾರನ ವೇಷ ಅಲ್ವೇನವ್ವ" ಎಂದಳು. ಹಿಂದಿನ ದಿನದಿಂದ ಬಾರದಿದ್ದ ಅಳು ಆಗ ಬಂತು. "ಎಲ್ರೂ ನಗ್ತಾರೆ. ಬರೆಯಕ್ಕೆ ಕೂತ್ರೆ ಅವರ ನಗೂನೇ ಕೇಳಿಸ್ತದೆ."

ಅವ್ವ ಸಮಾಧಾನ ಹೇಳಲಿಲ್ಲ. ಚೆನ್ನಾಗಿದೆ ಎಂದು ಸುಳ್ಳೂ ಹೇಳಲಿಲ್ಲ. ಮಿಕ್ಕಿದ್ದ ಸೂಟಿನ ಅಂಗಿಗಳಲ್ಲಿ ಒಂದನ್ನು ಎತ್ತಿಕೊಂಡು ಕೊಟ್ಟಿಗೆಯ ಕಡೆಗೆ ಹೋದರು. ಸಂಜೆಯವರೆಗೆ ಈಚೆಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಕ್ಲೋಸ್ ಕಾಲರಿನ ಕೋಟು, ಪಂಚೆ, ಪೇಟ ಧರಿಸಿ ಹೊರಗೆ ಬಂದೆ. ಗಿರಿಜ ಮೂಲೆಯಲ್ಲಿ ಹಳೆಯ ಲಂಗದಲ್ಲೇ ಕೂತಿದ್ದಳು. ಒಳಗಿನಿಂದ ಅವ್ವ ಬಂದರು. ಅವರ ಸೆರಗು ಎಂದಿನಂತೆ ಎರಡೂ ಭುಜ ಮುಚ್ಚಿರಲಿಲ್ಲ, ಒಂದೇ ಹೆಗಲ ಮೇಲಿತ್ತು. ಮೈಮೇಲೆ ನೀಲಿ ಪಟ್ಟೆಯ ರವಿಕೆ. ಎದೆಯ ಜೇಬು ಬಿಚ್ಚುವುದನ್ನು ಮರೆತಿದ್ದರು. ಅದು ಬೆನ್ನ ಮೇಲೆ ಬಂದಿತ್ತು.

ನಾನು ನೆಲ ನೋಡಿದೆ. ಗಿರಿಜ ಬಾಯಿ ತೆರೆದಳು. ಗಂಡ ಸತ್ತ ಹೆಂಗಸು, ಅದೂ ಅವರ ವಯಸ್ಸಿನಲ್ಲಿ, ರವಿಕೆ ತೊಟ್ಟು ಪೇಟೆಯಲ್ಲಿ ನಡೆಯುವುದೆಂದರೆ ಆಗಿನ ಮಧುಗಿರಿಯಲ್ಲಿ ಏನರ್ಥ ಎಂಬುದು ಆ ಹುಡುಗಿಗೂ ಗೊತ್ತಿತ್ತು.

"ನಗೋರಿಗೆ ನೀನೊಬ್ಳೇ ಸಾಲಲ್ಲ ಕಣಮ್ಮ. ನನ್ನ ನೋಡಿದ್ಮ್ಯಾಕೆ ನಿನ್ನ ಯಾರು ನೋಡ್ತಾರೆ? ಏಳು, ಉಟ್ಕೋ" ಎಂದರು. ಗಿರಿಜ ಎದ್ದು ಒಳಗೆ ಹೋದಳು. ಆಮೇಲೆ ಅವರು ನನ್ನ ಕಡೆ ತಿರುಗಿದರು. "ಇನ್ನೊಂದು ಅಂಗಿ ಮಿಕ್ಕೈತಲ್ಲ ಮೇಷ್ಟ್ರೇ."

"ನಾನು ಸರ್ಕಾರಿ ನೌಕರ, ಅವ್ವ."

"ಸರ್ಕಾರಕ್ಕೆ ಪಟ್ಟೆ ಆಗಕಿಲ್ವಾ?"

ನಾನು ಒಂದು ರಾಜಿ ಕಂಡುಕೊಂಡೆ. ಪಟ್ಟೆಯ ಅಂಗಿ ತೊಟ್ಟು, ಅದರ ಮೇಲೆ ಕೋಟು ಹಾಕಿ, ಕುತ್ತಿಗೆಯವರೆಗೂ ಗುಂಡಿ ಬಿಗಿದೆ. ಮನಸ್ಸಾಕ್ಷಿಗೆ ತೊಟ್ಟಂತೆಯೂ ಆಯಿತು, ಊರಿಗೆ ಕಾಣದಂತೆಯೂ ಆಯಿತು. ಇಂಥ ರಾಜಿಗಳಲ್ಲಿ ನನಗೆ ಹುಟ್ಟುಪ್ರತಿಭೆಯಿದೆ.

ಹೊರಟೆವು. ಅವ್ವ ಮುಂದೆ, ಗಿರಿಜ ನಡುವೆ, ಪರಿಚಯವಿಲ್ಲದವನಂತೆ ತುಸು ಹಿಂದೆ ನಾನು. ಬೇಸಿಗೆಯ ಬಿಸಿಲಿಗೆ ಬೆಟ್ಟ ಬೆಳಿಗ್ಗೆಯೇ ಕಾದಿತ್ತು. ಅಂಗಿಯ ಮೇಲಿನ ಕೋಟಿನೊಳಗೆ ನಾನು ಬೇಯುತ್ತಿದ್ದೆ. ಪೇಟೆಬೀದಿಯಲ್ಲಿ ಮೊದಲು ಮಾತು ನಿಂತಿತು, ಆಮೇಲೆ ಪಿಸುಮಾತು ಎದ್ದಿತು. ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಅವ್ವನನ್ನು ನೋಡಿ ಗೋಡೆಯ ಕಡೆಗೆ ಸರಿದು ನಿಂತಳು. ಅವ್ವನ ಕೈ ಅಭ್ಯಾಸಬಲದಿಂದ ಸೆರಗಿನ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತು ಕೆಳಗಿಳಿಯಿತು. ಹಿಂದಿದ್ದ ನನಗೆ ಅದು ಕಾಣಿಸಿತು. ಅವರಿಗೆ ಹೆದರಿಕೆಯಾಗುತ್ತಿರಬಹುದೆಂದು ನನಗೆ ಆವರೆಗೆ ತೋಚಿಯೇ ಇರಲಿಲ್ಲ.

ವೀಳ್ಯದೆಲೆ ಅಂಗಡಿಯ ಕಟ್ಟೆಯಿಂದ ಒಬ್ಬ ಕೂಗಿದ: "ಏನವ್ವೋ, ಅಜ್ಜಿ ಮೊಮ್ಮಗಳಿಗೆ ಒಂದೇ ದಿನ ಜೈಲಿಂದ ಬುಡುಗಡೆ ಆಯ್ತಾ?"

ಬೀದಿ ಗೊಳ್ಳೆಂದಿತು. ಗಿರಿಜಳ ಹೆಜ್ಜೆ ತಡವರಿಸಿತು.

"ಊಂ ಕಣ್ಲಾ," ಎಂದರು ಅವ್ವ, ನಿಲ್ಲದೆಯೇ. "ನಿಂಗೇ ಅಂತ ಜಾಗ ಗುಡಿಸಿಟ್ಟು ಬಂದಿವ್ನಿ, ಬ್ಯಾಗ ಓಗಿ ಸೇರ್ಕೋ."

ಈ ಸಲ ಬೀದಿ ಅವನನ್ನು ನೋಡಿ ನಕ್ಕಿತು. ಗಿರಿಜಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ತಿರುಗಿ ನನ್ನನ್ನು ನೋಡಿದಳು. ನನ್ನ ಕೈ ಕೋಟಿನ ಗುಂಡಿಗೆ ಹೋಯಿತು. ಸೆಕೆ ತಾಳಲಾರದೆ ಬಿಚ್ಚಿದೆನೋ ಧೈರ್ಯ ಬಂದು ಬಿಚ್ಚಿದೆನೋ ನಿಜವಾಗಿಯೂ ಗೊತ್ತಿಲ್ಲ. ಗೆಳೆಯರಿಗೆ ಹೇಳುವಾಗ ಧೈರ್ಯವೆಂದೇ ಹೇಳುತ್ತ ಬಂದಿದ್ದೇನೆ. ಕೋಟು ತೋಳ ಮೇಲೆ ಹಾಕಿಕೊಂಡು, ನೀಲಿಪಟ್ಟೆಯಲ್ಲಿ, ಅವರ ಸಾಲಿಗೆ ಸೇರಿ ನಡೆದೆ.

ಗಿರಿಜಳನ್ನು ಪರೀಕ್ಷೆಗೆ ಬಿಟ್ಟು ಹೈಸ್ಕೂಲಿಗೆ ಹೋದಾಗ ಬಾಗಿಲಲ್ಲೇ ಹೆಡ್ಮಾಸ್ಟರು ಎದುರಾದರು. "ಏನ್ರೀ ಇದು?"

"ನಮ್ಮ ಮನೆಯ ಯೂನಿಫಾರಂ ಸಾರ್" ಎಂದೆ. ನನ್ನ ಜೀವಮಾನದ ಏಕೈಕ ಚತುರ ಉತ್ತರ ಅದು. ಆದರೆ ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಅವರಿಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದರು. "ಏನಿಲ್ಲ ಸಾರ್" ಎಂದು ಕೋಟು ಹಾಕಿಕೊಂಡೆ.

ಪರೀಕ್ಷೆಯ ಅಷ್ಟೂ ದಿನ ಅವರಿಬ್ಬರೂ ಹಾಗೆಯೇ ಹೋಗಿಬಂದರು. ಕೊನೆಕೊನೆಗೆ ನೋಡುವವರಿಗೇ ಬೇಸರ ಬಂತು. ಗಿರಿಜ ಪಾಸಾದಳು. ಪಾವಗಡದ ಅಪ್ಪ ಮಾತಿಗೆ ತಪ್ಪಲಿಲ್ಲ; ಬಂದು, ಮಗಳ ತಲೆ ಸವರಿ, ಒಂದು ಮೂಟೆ ಕಡ್ಲೆಕಾಯಿ ಇಳಿಸಿ, "ಚದುವುಕೋ ತಲ್ಲಿ, ಓದ್ಕೋ" ಎಂದು ಹೋದ.

ಅವ್ವ ಮತ್ತೆ ರವಿಕೆ ಬಿಡುತ್ತಾರೆಂದು ಎಲ್ಲರೂ ಎಣಿಸಿದ್ದರು. ಬಿಡಲಿಲ್ಲ. ಮಠದ ಅಯ್ಯನವರು ಮನೆಗೇ ಬಂದು ಮೆಲ್ಲಗೆ ಪ್ರಸ್ತಾಪ ತೆಗೆದರು. "ಮಗೂಗೋಸ್ಕರ ಮಾಡಿದ್ರಿ, ಒಪ್ಪಿದೆ. ಈಗ ಪರೀಕ್ಷೆ ಮುಗೀತಲ್ಲವ್ವ."

ಅವ್ವ ಅವರ ಪಾದಕ್ಕೆರಗಿ ಎದ್ದು ಹೇಳಿದರು: "ಮಗೀಗೋಸ್ಕರಾನೇ ಹಾಕ್ಕಂಡಿದ್ದು ಬುದ್ಧಿ. ಹಾಕ್ಕಂಡ್ಮ್ಯಾಕೆ ಗೊತ್ತಾಯ್ತು, ಬೆಳಗ್ಗೆ ಕೊಟ್ಟಿಗೇಲಿ ಚಳೀನೇ ಆಗಲ್ಲ. ಎರಡು ಕೈಲೂ ಕೆಲಸ ಮಾಡ್ಬೋದು, ಸೆರಗು ಹಿಡ್ಕಳಾದೇ ಬ್ಯಾಡ. ಇಷ್ಟು ವರ್ಷ ಹೆಂಗಿದ್ನೋ ಅನ್ನಿಸ್ತದೆ." ಅಯ್ಯನವರು ಹಾಲು ಕುಡಿದು, ವಿಭೂತಿ ಕೊಟ್ಟು ಹೋದರು. ಒಳಗೆ ಕೂತು ಕೇಳುತ್ತಿದ್ದ ನಾನು ಅವ್ವನ ಪರವಾಗಿ ಒಂದು ಇಂಗ್ಲಿಷ್ ಕೊಟೇಶನ್ನು ಹುಡುಕುತ್ತಿದ್ದೆ. ಅದು ಸಿಗುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು.

ಮುಂದೆ ನನಗೆ ಶಿರಾಕ್ಕೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದರು. ಒಂದೆರಡು ಸಲ ಮಧುಗಿರಿಗೆ ಹೋಗಿ ಅವರನ್ನು ನೋಡಿಬಂದೆ. ಆಮೇಲೆ ಹೋಗಬೇಕು, ಹೋಗಬೇಕು ಎಂದುಕೊಳ್ಳುವುದೇ ಹೋಗಿಬಂದಷ್ಟು ಸಮಾಧಾನ ಕೊಡತೊಡಗಿತು.

ಕೊರಟಗೆರೆಯ ಆ ವರಾಂಡದಲ್ಲಿ, ಉಳಿದ ಮೇಷ್ಟ್ರುಗಳು ಎದ್ದುಹೋದ ಮೇಲೆ, ಗಿರಿಜ ಕೊನೆಯ ದಿನದ್ದು ಹೇಳಿದಳು. ಅವ್ವನಿಗೆ ಸ್ನಾನ ಮಾಡಿಸಿ ಕೂರಿಸಿದಾಗ ಅವಳು ತಾನು ಹೊಲಿದುಕೊಟ್ಟಿದ್ದ ಬೂದುಬಣ್ಣದ ರವಿಕೆ ತಂದಳಂತೆ. ಬಂಧುಗಳಲ್ಲಿ ಒಂದಿಬ್ಬರು, ಬದುಕಿದ್ದಾಗ ಹೇಗೋ ಆಯಿತು, ಮಣ್ಣಿಗೆ ಹೋಗುವಾಗಲಾದರೂ ಬೇಡ ಎಂದರಂತೆ.

"ಏನು ಮಾಡ್ಬೇಕು ಅಂತ ತೋಚದೆ ನಿಂತಿದ್ದೆ ಸಾರ್. ಹಿಂದಿನ ಬೀದಿಯ ಅಜ್ಜಿ ಒಬ್ಬರು ಬಂದಿದ್ರು, ಅವರೂ ಗಂಡನ್ನ ಕಳ್ಕೊಂಡೋರೆ, ಮೈಮೇಲೆ ಬರೀ ಸೆರಗು. ಅವ್ವ ರವಿಕೆ ತೊಟ್ಟಾಗ್ಲಿಂದ ಅವ್ವನ ಜೊತೆ ಮಾತು ಬಿಟ್ಟಿದ್ರು. ಅವರು ಎದ್ದು ಬಂದು ನನ್ನ ಕೈಯಿಂದ ರವಿಕೆ ಇಸ್ಕೊಂಡು, ಅವ್ವನ ತೋಳು ಎತ್ತಿ ತೊಡಿಸಿ, ಒಂದೊಂದೇ ಗುಂಡಿ ಹಾಕಿದ್ರು. ಆಮೇಲೆ ನನ್ನ ಪಕ್ಕ ಬಂದು ನಿಂತು, ಬಟ್ಟೆಯ ಅಂಚನ್ನ ಇನ್ನೂ ಬೆರಳಲ್ಲಿ ಹಿಡ್ಕೊಂಡಿದ್ದವರ ಹಾಗೆ ಬೆರಳು ಉಜ್ಜಿಕೋತಾ, ನನಗೊಬ್ಬಳಿಗೇ ಕೇಳೋ ಹಾಗೆ ಕೇಳಿದ್ರು ಸಾರ್:

'ನನ್ನ ಅಳತೇದು ಒಂದು ಆಯ್ತದೇನವ್ವ?'"